ಸೊಂಟದ ಆಪರೇಷನ್‌ಗೆ ಎರಡು ಬಾಟಲಿ ರಕ್ತ ಯಾಕೆ ಕೇಳ್ತಾರೆ?

ಅಮ್ಮನ ಹಿಪ್ ರೀಪ್ಲೇಸ್‌ಮೆಂಟ್‌ಗೆ (ಸೊಂಟದ ಕೀಲು ಬದಲಿಸೋ ಆಪರೇಷನ್‌ಗೆ) ಎರಡು ಬಾಟಲಿ ರಕ್ತ ರೆಡಿ ಇಡಿ ಅಂದಿದ್ದಾರೆ, ಸಹಿ ಹಾಕೋ ಕಾಗದದಲ್ಲಿ ‘ರಕ್ತನಾಳಕ್ಕೆ ಪೆಟ್ಟಾಗಬಹುದು’ ಅಂತಲೂ ಇದೆ, ಚಿತ್ರದುರ್ಗದಿಂದ ದಾವಣಗೆರೆಗೆ ಕರ್ಕೊಂಡು ಬರೋದೋ ಬೇಡವೋ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲೇ ಮೂಳೆ ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್. ತೀರ್ಮಾನ ನಿಮ್ಮದು, ನಿಮ್ಮ ಡಾಕ್ಟರದು. ಯಾವುದಕ್ಕೆ ಎಷ್ಟು ಹೆದರಬೇಕು ಅಂತ ಮಾತ್ರ ಹೇಳುತ್ತೇನೆ.

ದೊಡ್ಡ ರಕ್ತನಾಳಕ್ಕೆ ಪೆಟ್ಟಾಗೋದು ತುಂಬಾ ಅಪರೂಪ, ಸಾವಿರಕ್ಕೆ ಒಂದೋ ಎರಡೋ. ಆದರೆ ಆಯ್ತು ಅಂದ್ರೆ ಪ್ರಾಣಕ್ಕೇ ಬರುತ್ತದೆ, ಅದಕ್ಕೇ ಬರೆದು ಸಹಿ ಹಾಕಿಸ್ಕೊಳ್ತಾರೆ. ಕಾಲಿಗೆ ಹೋಗೋ ದೊಡ್ಡ ನಾಳ ಕೀಲಿನ ಮುಂಭಾಗದಲ್ಲೇ ಹಾದು ಹೋಗುತ್ತದೆ. ಮಾಂಸ ಸರಿಸಿ ಹಿಡಿಯೋ ರಿಟ್ರ್ಯಾಕ್ಟರ್ ತುದಿ ಮುಂದಕ್ಕೆ ಜಾರಿದರೆ, ಇಲ್ಲವೇ ಹೊಸ ಕೀಲಿನ ಬಟ್ಟಲಿನಂಥ ಭಾಗ ಕೂರಿಸೋ ಸ್ಕ್ರೂ ಮೂಳೆ ದಾಟಿ ಒಳಗೆ ಹೋದರೆ ಕಷ್ಟ. ಹಾಗಾಗಿ ಸ್ಕ್ರೂವನ್ನು ಸಾಮಾನ್ಯವಾಗಿ ಹಿಂದೆ ಮೇಲ್ಗಡೆ, ಮೂಳೆ ದಪ್ಪ ಇರೋ ಕಡೆಗೆ ಹಾಕುತ್ತಾರೆ. ಹಳೇ ಕೀಲು ಕಿತ್ತು ಹೊಸದು ಹಾಕೋ ಆಪರೇಷನ್‌ನಲ್ಲಿ ಅಪಾಯ ಜಾಸ್ತಿ.

ಎರಡು ಬಾಟಲಿ ಕೇಳಿರೋದು ಮುಖ್ಯವಾಗಿ ಇದಕ್ಕಲ್ಲ. ಮೂಳೆ ಕತ್ತರಿಸಿ ಕೆರೆದಾಗ ಮೂಳೆಯಿಂದಲೇ ರಕ್ತ ಜಿನುಗುತ್ತದೆ, ಮಂಡಿ ಆಪರೇಷನ್‌ನಲ್ಲಿ ತೊಡೆಗೆ ಪಟ್ಟಿ ಬಿಗಿದು ನಿಲ್ಲಿಸಿದ ಹಾಗೆ ಸೊಂಟಕ್ಕೆ ಬಿಗಿಯೋಕೆ ಆಗಲ್ಲ ಅಲ್ವಾ. ರಕ್ತ ಹೀರಿಕೊಳ್ಳೋ ಸಕ್ಷನ್ ಬಾಟಲಿ ಎಷ್ಟು ತುಂಬಿತು ನೋಡುತ್ತೇವೆ, ರಕ್ತ ಒರೆಸಿ ನೆನೆದ ಮಾಪ್ ಬಟ್ಟೆಗಳನ್ನೂ ತೂಕಕ್ಕೆ ಹಾಕುತ್ತೇವೆ. ಈಗ ರಕ್ತ ಹೋಗೋದನ್ನು ಕಡಿಮೆ ಮಾಡೋ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಕೊಡೋದರಿಂದ ಎಷ್ಟೋ ಜನಕ್ಕೆ ತಂದಿಟ್ಟ ರಕ್ತ ಹಾಕೋದೇ ಬೇಕಾಗಲ್ಲ.

ನಿಮ್ಮ ಕೈಲಿರೋದು ಎರಡು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ, ಮೂಳೆ ಮುರಿದು ಅರ್ಜೆಂಟ್ ಆಗಿರೋ ಕೇಸ್ ಅಲ್ಲದಿದ್ದರೆ, ಮೊದಲು ಅದನ್ನು ಸರಿ ಮಾಡಿಸ್ಕೊಳ್ಳಿ. ಇನ್ನೊಂದು, ಅಮ್ಮ ತಗೊಳ್ಳೋ ಮಾತ್ರೆಗಳ ವಿಷಯ. ನಮ್ಮ ಕಡೆ ಏನು ತಗೋತೀರಮ್ಮ ಅಂದ್ರೆ ‘ಬಿಪಿದು, ಶುಗರ್‌ದು’ ಅಂತ ಹೇಳಿ ಸುಮ್ನಾಗ್ತಾರೆ. ಆಮೇಲೆ ಸೆರಗಿನ ಗಂಟಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಕ್ಲೋಪಿಡೋಗ್ರೆಲ್ ಮಾತ್ರೆಯ ಸ್ಟ್ರಿಪ್ ಹೊರಗೆ ಬರುತ್ತದೆ! ಅದನ್ನು ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ನಿಲ್ಲಿಸುತ್ತಾರೆ, ಆದರೆ ಸ್ಟೆಂಟ್ ಹಾಕಿದ್ದರೆ ಹೃದಯದ ಡಾಕ್ಟರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿ. ನಾಟಿ ಔಷಧಿ, ನೋವಿನ ಮಾತ್ರೆ ಎಲ್ಲಾ ಒಂದು ಕವರಲ್ಲಿ ಹಾಕಿ ತನ್ನಿ.

ಡಾಕ್ಟರನ್ನು ಇದನ್ನೂ ಕೇಳಿ: ನಾಳಕ್ಕೆ ಪೆಟ್ಟಾದರೆ ರಿಪೇರಿಗೆ ಯಾರು ಬರ್ತಾರೆ, ಎಷ್ಟು ಹೊತ್ತಲ್ಲಿ? ಕೇಳಿದರೆ ಬೇಜಾರು ಮಾಡಿಕೊಳ್ಳಲ್ಲ, ಮಾಡಿಕೊಂಡರೂ ಕೇಳಿ.

ಆಪರೇಷನ್‌ಗೆ ಮುಂಚೆ ಪಾದದ ಮೇಲೆ ನಾಡಿ ಸಿಗೋ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕುತ್ತೇವೆ, ಆಮೇಲೆ ಅಲ್ಲೇ ಬೆರಳಿಟ್ಟು ನೋಡ್ತಿರುತ್ತೇವೆ. ವಾರ್ಡಲ್ಲಿ ನೀವೂ ಪಾದ ಮುಟ್ಟಿ ನೋಡ್ತಿರಿ. ತಣ್ಣಗಾಗಿ ಬಿಳಚಿಕೊಂಡರೆ, ಜೋಮು ಹಿಡಿದು ಬಿಡದಿದ್ದರೆ, ತೊಡೆ ಊದಿ ಗಟ್ಟಿಯಾದರೆ ಬೆಳಗಿನ ರೌಂಡ್ಸ್‌ವರೆಗೂ ಕಾಯಬೇಡಿ, ಆಗಲೇ ಸಿಸ್ಟರನ್ನು ಕರೀರಿ.