ಇರುವ ಕಾನೂನು ಸಾಕಾ?
ಅಮೆರಿಕದಲ್ಲಿ ಈಗಿರುವ ಬಂದೂಕು ಕಾನೂನುಗಳನ್ನೇ ಸರಿಯಾಗಿ ಜಾರಿ ಮಾಡಿದರೆ ಸಾಕಲ್ವಾ, ಹೊಸದು ಯಾಕೆ ಅಂತ ಕೇಳಿದ್ದೀರಿ. ಅರ್ಧ ಒಪ್ಪುತ್ತೇನೆ. 2017ರಲ್ಲಿ ಟೆಕ್ಸಾಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ಗುಂಡು ಹಾರಿಸಿದವನು ಹೆಂಡತಿ, ಮಗುವಿನ ಮೇಲೆ ಹಲ್ಲೆ ಮಾಡಿ ಶಿಕ್ಷೆಯಾಗಿದ್ದವನು. ಕಾನೂನಿನ ಪ್ರಕಾರ ಅವನು ಬಂದೂಕು ಕೊಳ್ಳುವಂತೆಯೇ ಇರಲಿಲ್ಲ. ಆದರೆ ಆಗ ಅವನು ಕೆಲಸದಲ್ಲಿದ್ದ ವಾಯುಪಡೆ ಆ ಮಾಹಿತಿಯನ್ನು, ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ಎಫ್‌ಬಿಐಗೆ ಕಳಿಸಲೇ ಇಲ್ಲ. ಒಂದು ದಾಖಲೆ, ಅಷ್ಟೇ! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ.

ಆದರೆ ಇಲ್ಲದ ನಿಯಮವನ್ನು ಜಾರಿ ಮಾಡುವುದು ಹೇಗೆ? ಲೈಸೆನ್ಸ್ ಇಲ್ಲದ ಖಾಸಗಿ ವ್ಯಕ್ತಿ ಬಂದೂಕು ಮಾರುವಾಗ ಕೊಳ್ಳುವವನ ಹಿನ್ನೆಲೆ ನೋಡಬೇಕು ಅಂತ ಫೆಡರಲ್ ಕಾನೂನು ಹೇಳುವುದಿಲ್ಲ. ಅಂಗಡಿಯಲ್ಲೂ ಸಾಮಾನ್ಯವಾಗಿ 3 ಕೆಲಸದ ದಿನಗಳಲ್ಲಿ ಹಿನ್ನೆಲೆ ಪರಿಶೀಲನೆಯ ಉತ್ತರ ಬರದಿದ್ದರೆ ಮಾರಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ 9 ಜನರನ್ನು ಕೊಂದವನ ಕೈಗೆ ಬಂದೂಕು ಬಂದದ್ದು ಹಾಗೆಯೇ.