20ಕ್ಕೆ 19 ಬಂದರೆ ಕಲಿತ ಹಾಗಾ?

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಓದಿ ಎರಡು ದಿನ ಅದನ್ನೇ ಯೋಚಿಸುತ್ತಿದ್ದೆ. ಆನ್‌ಲೈನ್‌ನಲ್ಲಿ ಗಣಿತ ಕಲಿಸುತ್ತಿದ್ದೀರಿ. ದಶಮಾಂಶದ ಪಾಠ ಮುಗಿದ ಮೇಲೆ ಗೂಗಲ್ ಫಾರ್ಮ್‌ನಲ್ಲಿ 20 ಪ್ರಶ್ನೆಯ ಕ್ವಿಜ್ ಕೊಟ್ಟಿರಿ. ಹೆಚ್ಚುಕಮ್ಮಿ ಎಲ್ಲರಿಗೂ 18, 19 ಬಂತು. ಮರುದಿನ ಅದರದ್ದೇ ಒಂದು ಲೆಕ್ಕ ಕೇಳಿದರೆ ಒಬ್ಬರೂ ಮೈಕ್ ಆನ್ ಮಾಡಲಿಲ್ಲ. "ಪರೀಕ್ಷೆ ಹೊತ್ತಲ್ಲಿ ಮಕ್ಕಳ ಮೇಲೆ ಕ್ಯಾಮೆರಾ ಕಣ್ಣಿಡುವ ಸಾಫ್ಟ್‌ವೇರ್ ಹಾಕಿಸಲಾ, ಇಲ್ಲಾ ಈ ಆನ್‌ಲೈನ್ ಕ್ವಿಜ್ ಸಹವಾಸವನ್ನೇ ಬಿಟ್ಟುಬಿಡಲಾ?" ಎಂದು ಕೇಳಿದ್ದೀರಿ.

ಎರಡೂ ಬೇಡ. ಮೊದಲು ಪ್ರಶ್ನೆಗಳನ್ನು ಬದಲಾಯಿಸಿ.

ನೀವು ಜೊತೆಗೆ ಕಳಿಸಿದ ಪ್ರಶ್ನೆಗಳನ್ನು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗಳಿಗೆ ಪುಸ್ತಕ ಪಕ್ಕದಲ್ಲಿದ್ದರೆ ಸಾಕು. ಉಳಿದವುಗಳಲ್ಲಿ ಒಂದು ಹೀಗಿದೆ: 0.5, 0.45, ಇವುಗಳಲ್ಲಿ ಯಾವುದು ದೊಡ್ಡದು? ಪ್ರಶ್ನೆ ಚೆನ್ನಾಗಿಯೇ ಇದೆ ಅನಿಸುತ್ತದೆ, ಅಲ್ವಾ? ಆದರೆ ಕೆಲವು ಮಕ್ಕಳ ತಲೆಯಲ್ಲಿ "ಬಿಂದುವಿನ ಆಚೆ ಅಂಕಿ ಜಾಸ್ತಿ ಆದಷ್ಟೂ ಸಂಖ್ಯೆ ಚಿಕ್ಕದು" ಎಂದು ಕೂತಿರುತ್ತದೆ. ಅವರೂ 0.5 ಎಂದೇ ಒತ್ತುತ್ತಾರೆ. ಉತ್ತರ ಸರಿ, ಯೋಚನೆ ತಪ್ಪು. ಫಾರ್ಮ್ ಪೂರ್ತಿ ಅಂಕ ಕೊಟ್ಟು ಮುಂದೆ ಹೋಗುತ್ತದೆ.

ಅದರ ಬದಲು 0.3, 0.45, 0.432 ಎಂದು ಮೂರು ಕೊಡಿ. ಬಿಂದುವನ್ನು ಮರೆತು 3, 45, 432 ಎಂದು ಓದುವ ಮಗು 0.432 ಒತ್ತುತ್ತದೆ. ಚಿಕ್ಕದಾಗಿ ಕಾಣುವುದೇ ದೊಡ್ಡದು ಎಂದುಕೊಂಡ ಮಗು 0.3 ಒತ್ತುತ್ತದೆ. ಸ್ಥಾನಬೆಲೆ ಗೊತ್ತಿರುವ ಮಗು 0.45ಕ್ಕೆ ಬರುತ್ತದೆ. ಈಗ ಫಾರ್ಮ್ ಬಿಡಿಸಿ ತೋರಿಸುವ ಬಣ್ಣದ ಚಿತ್ರಕ್ಕೆ ಅರ್ಥ ಬಂತು. ಯಾರಿಗೆ ಎಷ್ಟು ಅಂಕ ಅನ್ನುವುದು ಪಕ್ಕಕ್ಕಿರಲಿ. ಯಾವ ತಪ್ಪು ಉತ್ತರಕ್ಕೆ ಎಷ್ಟು ಮಂದಿ ಹೋಗಿದ್ದಾರೆ ನೋಡಿ. ನಾಳೆ ಏನು ಪಾಠ ಮಾಡಬೇಕು ಎನ್ನುವುದು ಅಲ್ಲೇ ಇದೆ.

ಊಹೆ ಹೊಡೆಯುವುದನ್ನೂ ಮರೆಯಬಾರದು. ನಾಲ್ಕು ಆಯ್ಕೆಯ 20 ಪ್ರಶ್ನೆಗೆ ಕಣ್ಣುಮುಚ್ಚಿ ಒತ್ತಿದರೂ ಸರಾಸರಿ 5 ಅಂಕ ಬರುತ್ತದೆ. ಮೂಡಲ್ ಎಂಬ ಕಲಿಕಾ ತಂತ್ರಾಂಶದಲ್ಲಿ ಪ್ರತಿ ಉತ್ತರಕ್ಕೂ "ನಿನಗೆಷ್ಟು ಖಾತ್ರಿ?" ಎಂದು ಕೇಳುವ ಏರ್ಪಾಡಿದೆ. ಪೂರ್ತಿ ಖಾತ್ರಿ ಎಂದು ಹೇಳಿ ಸರಿಯಾದರೆ 3 ಅಂಕ, ತಪ್ಪಾದರೆ 6 ಅಂಕ ಕಳೆಯುತ್ತದೆ. ಖಾತ್ರಿ ಇಲ್ಲ ಎಂದು ಒಪ್ಪಿಕೊಂಡು ತಪ್ಪಿದರೆ ಏನೂ ಕಳೆಯುವುದಿಲ್ಲ. ನೀವು ಅಂಕ ಕಳೆಯುವುದು ಬೇಡ. ಪ್ರತಿ ಪ್ರಶ್ನೆಯ ಕೆಳಗೆ ಆ ಒಂದು ಸಾಲು ಸೇರಿಸಿದರೂ ಸಾಕು.

ಕ್ವಿಜ್ ಬಿಟ್ಟುಬಿಡಬೇಡಿ ಎನ್ನಲು ಕಾರಣವಿದೆ. 2006ರಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಒಂದು ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಆಮೇಲೆ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಅಂದರೆ ಪ್ರಶ್ನೆ ಕೇಳುವುದೂ ಒಂದು ಪಾಠವೇ. ಹಾಗಾಗಿ 20 ಪ್ರಶ್ನೆಯ ಒಂದು ದೊಡ್ಡ ಕ್ವಿಜ್‌ಗಿಂತ, ಹಳೆಯ ಪಾಠವನ್ನೂ ಸೇರಿಸಿ ವಾರಕ್ಕೆರಡು ಸಲ ಐದೈದು ಪ್ರಶ್ನೆ ಕೇಳಿ. ಅಂಕ ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿಬಿಡಿ. ಲೆಕ್ಕಕ್ಕಿಲ್ಲದ ಕಡೆ ಕಾಪಿ ಹೊಡೆಯುವ ಆಸೆಯೂ ಕಡಿಮೆ.

ಕ್ಯಾಮೆರಾ ಸಾಫ್ಟ್‌ವೇರ್ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಯೋಚಿಸುವ ಮಗು ಸೂರಿನ ಕಡೆ ನೋಡುತ್ತದೆ. ಯಂತ್ರಕ್ಕೆ ಅದು ಅನುಮಾನದ ನೋಟ. ನೆಟ್‌ವರ್ಕ್ ಹೋದರೂ, ಹಿಂದೆ ತಮ್ಮ ಹಾದುಹೋದರೂ ಅನುಮಾನ. ಮಗುವಿನ ಮನೆಯೊಳಗೆ ಹೀಗೆ ಇಣುಕಿ ನೋಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ಉಪಾಯ ನನ್ನ ಅನುಭವದ್ದು. ಪತ್ರಿಕೆಗೆ ಬರುವ ಮೊದಲು ನಾನೂ ಕೆಲಕಾಲ ದೂರದಿಂದ ಪಾಠ ಹೇಳಿದವನು. ಮಕ್ಕಳಿಗೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲು ಹೇಳುತ್ತಿದ್ದೆ. ಉತ್ತರ ಬೇಡ, ಆ ಉತ್ತರ ಯಾಕೆ ಆರಿಸಿದೆ ಹೇಳು ಅಂತ. ಒಬ್ಬ ಹುಡುಗಿಯದು ಇನ್ನೂ ಕಿವಿಯಲ್ಲಿದೆ. "ಎರಡರಲ್ಲೂ ಮೊದಲು ನಾಲ್ಕೇ ಇದೆ ಸರ್. ಆಮೇಲೆ ಇಲ್ಲಿ ಐದು, ಅಲ್ಲಿ ಮೂರು..." ಅಷ್ಟು ಹೇಳಿ ಸುಮ್ಮನಾದಳು. ಹಿಂದೆ ಫ್ಯಾನ್ ತಿರುಗುವ ಸದ್ದು. ಆಮೇಲೆ ಮೆಲ್ಲಗೆ, "ತಾಳಿ ಸರ್, ನಾನು ತಪ್ಪು ಒತ್ತಿದ್ದೆ." ಯಾರೂ ತಿದ್ದಲಿಲ್ಲ. ಹೇಳುತ್ತಾ ಹೇಳುತ್ತಾ ಅವಳೇ ಕಂಡುಕೊಂಡಳು.

ಎಲ್ಲರದ್ದೂ ಕೇಳಲು ಪುರುಸೊತ್ತು ಎಲ್ಲಿ ಅನ್ನುತ್ತೀರಿ, ಗೊತ್ತು. ವಾರಕ್ಕೆ ಹತ್ತು ಮಕ್ಕಳದ್ದು ಕೇಳಿ. ಕೇಳಿದ ಮೇಲೆ ಅಂಕ ಹಾಕದೆ ಎರಡು ಸಾಲು ಬರೆಯಿರಿ. 1988ರಲ್ಲಿ ರುತ್ ಬಟ್ಲರ್ ಎಂಬ ಸಂಶೋಧಕಿ ಗಮನಿಸಿದ್ದು ಇದನ್ನೇ: ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು, ಟಿಪ್ಪಣಿಯ ಜೊತೆ ಅಂಕವೂ ಸಿಕ್ಕವರು ಸುಧಾರಿಸಲಿಲ್ಲ.

ಮುಂದಿನ ಕ್ಲಾಸಿಗೆ ಆ ಮೂರು ಸಂಖ್ಯೆ ಹಾಕಿ ನೋಡಿ. 0.432ಕ್ಕೆ ಎಷ್ಟು ಮಕ್ಕಳು ಹೋದರು ಎಂದು ಬರೆದು ತಿಳಿಸಿ. ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ