ಎರಡು ಹಳೇ ಹಾಡು, ಒಂದು ಹೊಸ ಹಿಟ್

ಪ್ರ: ಅಮೆರಿಕದ ರ‍್ಯಾಪರ್ ಪಫ್ ಡ್ಯಾಡಿಯ ಮೊದಲ ಸಿಂಗಲ್ (ಬಿಡಿಯಾಗಿ ಬಿಟ್ಟ ಹಾಡು) ‘ಕಾಂಟ್ ನೋಬಡಿ ಹೋಲ್ಡ್ ಮಿ ಡೌನ್’ ಕೇಳಿದೆ. ಬೀಟ್ ಒಂದು ಹಳೇ ಹಾಡಿನದು, ಪಲ್ಲವಿ ಇನ್ನೊಂದರದು. ಇದರಲ್ಲಿ ಆತನದು ಅಂತ ಏನಿದೆ ಸಾರ್? ಕಳ್ಳತನ ಅಲ್ವಾ ಇದು?

ಉ: ಕದ್ದವರು ಮುಚ್ಚಿಡುತ್ತಾರೆ. ಈತ ಎಲ್ಲರಿಗೂ ಗೊತ್ತಿರುವ ಹಾಡನ್ನೇ ಹುಡುಕಿ, ಗೊತ್ತಾಗಲಿ ಅಂತಲೇ ಎದುರಿಗಿಟ್ಟ. ಬೀಟ್ ಬಂದಿದ್ದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 1982ರ ‘ದ ಮೆಸೇಜ್’ನಿಂದ. ಪಲ್ಲವಿಯ ಧಾಟಿ ಮ್ಯಾಥ್ಯೂ ವೈಲ್ಡರ್ ಹಾಡಿದ 1983ರ ‘ಬ್ರೇಕ್ ಮೈ ಸ್ಟ್ರೈಡ್’ನದು, ಮಾತು ಸ್ವಲ್ಪ ಬದಲಿಸಿ ಹೊಸದಾಗಿ ಹಾಡಿದ್ದಾರೆ. ‘ದ ಮೆಸೇಜ್’ ನ್ಯೂಯಾರ್ಕಿನ ಬಡವರ ಕೇರಿಯ ಹಾಡು. ಒಡೆದ ಗಾಜು, ಇಲಿ, ಜಿರಳೆ, ಸಾಲ ವಸೂಲಿಗೆ ಬರುವವರ ಕಾಟ ಎಲ್ಲ ಅದರಲ್ಲಿದೆ. (ಅಂದಹಾಗೆ, ತಂಡಕ್ಕೆ ಹೆಸರು ಕೊಟ್ಟ ಫ್ಲ್ಯಾಶ್‌ದು ಆ ರೆಕಾರ್ಡಿಂಗಿನಲ್ಲಿ ಹೆಚ್ಚುಕಮ್ಮಿ ಏನೂ ಕೆಲಸವಿಲ್ಲ. ಅದು ಮುಖ್ಯವಾಗಿ ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿ ಸೇರಿ ಮಾಡಿದ್ದು.) ಅದೇ ಬೀಟಿನ ಮೇಲೆ ಪಫ್ ಡ್ಯಾಡಿ ಮತ್ತು ಜೊತೆಗಾರ ರ‍್ಯಾಪರ್ ಮೇಸ್ ದುಡ್ಡು, ಮೆರೆದಾಟದ ಮಾತಾಡುತ್ತಾರೆ. ನನಗೆ ಅದು ಸ್ವಲ್ಪ ಕಸಿವಿಸಿಯೇ. ಆದರೆ ಸಂಕಟದ ಹಾಡು ಮತ್ತು ಹುಮ್ಮಸ್ಸಿನ ಹಾಡು ಒಂದರ ಮೇಲೊಂದು ಹೀಗೆ ಕೂರುತ್ತವೆ ಅಂತ ಹೊಳೆಯುವುದಕ್ಕೂ ಕಿವಿ ಬೇಕು.

ಆ ಕಿವಿ ಇದ್ದಿದ್ದು ಸುಮ್ನೆ ಅಲ್ಲ. ಆತ 1993ರಲ್ಲೇ ಬ್ಯಾಡ್ ಬಾಯ್ ರೆಕಾರ್ಡ್ಸ್ ಎಂಬ ಹಾಡಿನ ಕಂಪನಿ ಶುರು ಮಾಡಿದ್ದ, ನಟೋರಿಯಸ್ ಬಿ.ಐ.ಜಿ. ಎಂಬ ರ‍್ಯಾಪರನ್ನು ಬೆಳೆಸಿದ್ದ. ಈ ಹಾಡು 1997ರ ಜನವರಿಯಲ್ಲಿ ಬಂತು. ಮಾರ್ಚ್ 9ರಂದು ಬಿ.ಐ.ಜಿ. ಗುಂಡಿಗೆ ಬಲಿಯಾದ, ಅದೇ ತಿಂಗಳು ಹಾಡು ಬಿಲ್‌ಬೋರ್ಡ್ ಎಂಬ ಅಮೆರಿಕದ ಹಿಟ್ ಹಾಡುಗಳ ಪಟ್ಟಿಯ ತುದಿಗೆ ಏರಿ ಆರು ವಾರ ಅಲ್ಲೇ ಕೂತಿತು.

ಪ್ರ: ಮೊದಲಿನ ರ‍್ಯಾಪ್‌ನಲ್ಲಿ ಹತ್ತಾರು ಹಾಡಿನ ಚೂರು ಸೇರಿಸುತ್ತಿದ್ದರಂತೆ. ಆಮೇಲೆ ಒಂದೇ ದೊಡ್ಡ ಹಿಟ್ ಹಿಡಿದುಕೊಳ್ಳುವುದು ಯಾಕೆ ಜಾಸ್ತಿಯಾಯಿತು? ಸೋಮಾರಿತನವಾ?

ಉ: ಸೋಮಾರಿತನಕ್ಕಿಂತ ಲೆಕ್ಕಾಚಾರ. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರ್ ಗಿಲ್ಬರ್ಟ್ ಓ'ಸಲಿವನ್ ಅವರ ಹಾಡಿನ ತುಣುಕನ್ನು ಒಪ್ಪಿಗೆಯಿಲ್ಲದೆ ಬಳಸಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಸೋತ. ನ್ಯಾಯಾಧೀಶರು ತೀರ್ಪು ಶುರು ಮಾಡಿದ್ದೇ ‘ಕದಿಯಬೇಡ’ ಎಂಬ ಬೈಬಲ್ ಮಾತಿನಿಂದ. ಅಲ್ಲಿಂದ ಕಂಪನಿಗಳು ಹೆದರಿದವು. ಅಮೆರಿಕದಲ್ಲಿ ಒಂದು ತುಣುಕಿಗೆ ಎರಡು ಒಪ್ಪಿಗೆ ಬೇಕು: ಹಾಡು ಬರೆದವರ ಹಕ್ಕು ಒಂದು, ಆ ರೆಕಾರ್ಡಿಂಗಿನ ಹಕ್ಕು ಇನ್ನೊಂದು. ಹೊಸದಾಗಿ ಹಾಡಿಸಿಕೊಂಡರೆ ಎರಡನೆಯದು ಬೇಡ. ಇಪ್ಪತ್ತು ಚೂರಿಗೆ ಇಪ್ಪತ್ತು ಕಡೆ ಚೌಕಾಶಿ ಮಾಡಿ ದುಡ್ಡು ಕಟ್ಟುವವನಿಗೆ ಹಾಡಿನಲ್ಲಿ ಉಳಿಯುವುದೇನು? ಹೇಗೂ ಕೊಡಬೇಕು ಅಂದಮೇಲೆ, ಕೇಳಿದ ಕೂಡಲೇ ಜನ ಗುನುಗುವಂಥ ಹಾಡಿಗೇ ಕೊಡೋಣ ಅನ್ನಿಸುವುದು ಸಹಜ. ಕಾನೂನು ಕಲಾವಿದರನ್ನು ಕಾಪಾಡಿತು ನಿಜ, ಆದರೆ ಸಣ್ಣಪುಟ್ಟ ಚೂರು ಜೋಡಿಸುವ ಆ ಸೊಗಸಾದ ಕಸುಬನ್ನು ಶ್ರೀಮಂತರಿಗಷ್ಟೇ ಬಿಟ್ಟಿತು ಅಂತ ನನ್ನ ತಕರಾರು.

ಪ್ರ: ಹಾಗಾದರೆ ಆ ದುಡ್ಡು ಮೂಲ ಹಾಡಿನಲ್ಲಿ ನುಡಿಸಿದವರಿಗೆಲ್ಲ ಸಿಗುತ್ತದಾ?

ಉ: ಎಲ್ಲಿಂದ! ಪಫ್ ಡ್ಯಾಡಿಯದೇ 1997ರ ‘ಐಲ್ ಬಿ ಮಿಸ್ಸಿಂಗ್ ಯೂ’ ನೋಡಿ. ಬಿ.ಐ.ಜಿ. ನೆನಪಿಗೆ ಮಾಡಿದ್ದು, ದ ಪೊಲೀಸ್ ತಂಡದ ‘ಎವ್ರಿ ಬ್ರೆತ್ ಯೂ ಟೇಕ್’ ಮೇಲೆ ನಿಂತ ಹಾಡು. ಅದರಲ್ಲಿ ಕಿವಿಗೆ ಬೀಳುವ ಗಿಟಾರ್ ಆ ತಂಡದ ಆಂಡಿ ಸಮ್ಮರ್ಸ್ ಅವರದು. ಆದರೆ ಹಾಡು ಬರೆದವರು ಅಂತ ಇರುವುದು ತಂಡದ ಗಾಯಕ ಸ್ಟಿಂಗ್ ಹೆಸರೊಂದೇ, ಬರೆದವರ ಪಾಲು ಅವರಿಗೇ ಹೋಯಿತು. ಸಮ್ಮರ್ಸ್ ಇದನ್ನು ಬಹಿರಂಗವಾಗಿಯೇ ದೂರಿದ್ದಾರೆ.

ಪ್ರ: ಪಫ್ ಡ್ಯಾಡಿಯ ರ‍್ಯಾಪ್ ಸಾಲುಗಳನ್ನೂ ಬೇರೆಯವರು ಬರೆಯುತ್ತಿದ್ದರಂತೆ?

ಉ: ಆತ ಅದನ್ನು ಬಚ್ಚಿಟ್ಟವನೇ ಅಲ್ಲ. 2001ರಲ್ಲಿ ಒಂದು ಹಾಡಿನೊಳಗೇ ಹೇಳಿಕೊಂಡಿದ್ದಾನೆ: ಪ್ರಾಸ ನಾನು ಬರೀತೀನಾ ಇಲ್ವಾ ಅಂತ ಕೇಳಬೇಡಿ, ಚೆಕ್ ಬರೀತೀನಲ್ಲ!